ಗೋಟೆಕ್ ಜೊತೆ ಹಳೇ ಫ್ಲಾಪಿ ಡ್ರೈವ್: ಭಾನುವಾರಕ್ಕೆ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ 486, ಪೆಂಟಿಯಂ ಪಿಸಿ ತರುವವರಿಗೆ ಗೋಟೆಕ್ (ಪೆನ್‌ಡ್ರೈವಿನ ಫೈಲುಗಳನ್ನು ಪಿಸಿಗೆ ಫ್ಲಾಪಿಯಂತೆ ತೋರಿಸುವ ಸಾಧನ) ಕೂರಿಸಿಕೊಡುತ್ತೇವೆ. ದಯವಿಟ್ಟು ಹಳೇ 3.5 ಇಂಚಿನ ಡ್ರೈವ್ ಕಿತ್ತುಹಾಕಬೇಡಿ. ಮನೆಯಲ್ಲಿರುವ ಫ್ಲಾಪಿಗಳನ್ನು ಇಮೇಜ್ (ಇಡೀ ಫ್ಲಾಪಿಯ ನಕಲು ಫೈಲ್) ಮಾಡಿಕೊಳ್ಳಲು ಅದೇ ಬೇಕು.

ತರಬೇಕಾದ್ದು: ಮಧ್ಯೆ ಕೆಲವು ತಂತಿ ತಿರುಚಿರುವ 34 ಪಿನ್ ರಿಬ್ಬನ್ ಕೇಬಲ್, ಫ್ಲಾಪಿಯ ಚಿಕ್ಕ ಪವರ್ ಕನೆಕ್ಟರ್ 2, ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್.

ತಿರುಚು ದಾಟಿದ ತುದಿಯ ಡ್ರೈವ್ ಎ, ಅದಕ್ಕೂ ಮುಂಚಿನದು ಬಿ. ಸಾಮಾನ್ಯವಾಗಿ ಬಿ-ಯಿಂದ ಬೂಟ್ ಆಗದು, ಆದ್ದರಿಂದ ಗೋಟೆಕ್ ತುದಿಯಲ್ಲಿರಲಿ. ಗೋಟೆಕ್‌ನ ಜಂಪರ್ (ಎರಡು ಪಿನ್ ಜೋಡಿಸುವ ಚಿಕ್ಕ ಕ್ಲಿಪ್) ಎಸ್1ರಲ್ಲಿರಲಿ. ಬಯಾಸ್‌ನಲ್ಲಿ (ಪಿಸಿಯ ಮೂಲ ಸೆಟ್ಟಿಂಗ್‌ಗಳಲ್ಲಿ) ಎ, ಬಿ ಎರಡಕ್ಕೂ 1.44 ಎಂಬಿ ಕೊಡಿ.

ಕೇಬಲ್ ತಿರುಗಾಮುರುಗಾ ಆಗುವುದೇ ದೊಡ್ಡ ಅಪಾಯ. ಬೆಸ ಪಿನ್‌ಗಳೆಲ್ಲ ಗ್ರೌಂಡ್. ಉಲ್ಟಾ ಹಾಕಿದರೆ ಡ್ರೈವಿನ ಎಲ್ಲ ಸಿಗ್ನಲ್‌ಗಳೂ ಗ್ರೌಂಡಿಗೆ ಬೀಳುತ್ತವೆ, ಬರೆಯುವ ಸಿಗ್ನಲ್ ಕೂಡ! ಒಳಗೆ ಫ್ಲಾಪಿ ಇದ್ದರೆ ಅದರ ಟ್ರ್ಯಾಕ್ ಅಳಿಸಿಹೋಗಬಹುದು. ಕೇಬಲ್ಲಿನ ಕೆಂಪು ಅಂಚು 1ನೇ ಪಿನ್ ಕಡೆಗಿರಬೇಕು. ಆನ್ ಮಾಡಿದ ಕೂಡಲೇ ಡ್ರೈವಿನ ದೀಪ ಆರದೆ ಉರಿಯುತ್ತಿದ್ದರೆ ಪವರ್ ತೆಗೆಯಿರಿ. ಮೊದಲ ಸಲ ಖಾಲಿ ಡ್ರೈವಿನಲ್ಲೇ ಪರೀಕ್ಷಿಸಿ, ಆಮೇಲೂ ಫ್ಲಾಪಿಯ ರಕ್ಷಣೆಯ ಕಿಂಡಿ ತೆರೆದೇ ಇರಲಿ.

ಗೋಟೆಕ್‌ಗೆ ಫ್ಲ್ಯಾಶ್‌ಫ್ಲಾಪಿ ಎಂಬ ಬದಲಿ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಹಾಕಿರುವವರು ಸೆಟ್ಟಿಂಗ್ ಫೈಲಿನಲ್ಲಿ ಇಂಟರ್‌ಫೇಸ್ ಅನ್ನು ಐಬಿಎಂ ಪಿಸಿಗೆ ಬದಲಿಸಿ. ಇಲ್ಲದಿದ್ದರೆ ಇಮೇಜ್ ಬದಲಾದದ್ದು ಡಾಸ್‌ಗೆ ತಿಳಿಯದೆ ಹಳೇ ಇಮೇಜಿನ ಫೈಲ್ ಪಟ್ಟಿಯನ್ನೇ ತೋರಿಸಬಹುದು. ಆಗ ಏನಾದರೂ ಬರೆದರೆ ಹೊಸ ಇಮೇಜ್ ಕೆಡುತ್ತದೆ.

ಕೆಲವು ಈಚಿನ ಮದರ್‌ಬೋರ್ಡ್‌ಗಳು ಒಂದೇ ಫ್ಲಾಪಿ ಡ್ರೈವ್ ಒಪ್ಪುತ್ತವೆ. ಬರುವವರು ಬೋರ್ಡಿನ ಹೆಸರು, ಕೇಬಲ್ಲಿನ ಫೋಟೊ ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ.