ನಮ್ಮ ದಾವೆ ಯಾವ ಲೆಕ್ಕದಲ್ಲಿದೆ?

ಮಾನ್ಯ ಸಂಪಾದಕರೇ,

2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ನಟ ದರ್ಶನ್ ಅವರ ಜಾಮೀನು ರದ್ದು ಮಾಡಿತಲ್ಲ, ಆ ಸುದ್ದಿಗೆ ನಿಮ್ಮ ಪತ್ರಿಕೆ ಮುಖಪುಟದಲ್ಲಿ ಅರ್ಧ ಭಾಗ, ಒಳಗೆ ಒಂದು ಪೂರ್ತಿ ಪುಟ ಕೊಟ್ಟಿತ್ತು. ತಪ್ಪೆನ್ನುತ್ತಿಲ್ಲ. ಹೈಕೋರ್ಟ್ ಕೊಟ್ಟಿದ್ದನ್ನು ಯಾಕೆ ತೆಗೆದರು ಎಂದು ನಾನೂ ಎರಡು ಸಲ ಓದಿದೆ. ಓದುವಾಗ ಕಣ್ಣಿಗೆ ಬಿದ್ದದ್ದು ನ್ಯಾಯಮೂರ್ತಿಗಳ ಹೆಸರು: ಜೆ.ಬಿ. ಪಾರ್ದಿವಾಲಾ, ಆರ್. ಮಹದೇವನ್. ಈ ಎರಡು ಹೆಸರು ನನಗೆ ಅಷ್ಟರಲ್ಲೇ ಬಾಯಿಪಾಠವಾಗಿದ್ದವು. ಅದೇ ವರ್ಷ ಮಾರ್ಚ್ 6ರಂದು ಇದೇ ಇಬ್ಬರು ಪೆರಿಯಮ್ಮಾಳ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದ್ದರು. ಅದು ಗೆದ್ದ ಮೇಲೂ ಆಸ್ತಿ ಕೈಗೆ ಬರದವರ ಸಿವಿಲ್ ವಿಷಯ, ಅದರಲ್ಲಿ ಸಿನಿಮಾದವರು ಯಾರೂ ಇರಲಿಲ್ಲ. ನಿಮ್ಮಲ್ಲಿ ಒಳಪುಟದ ಮೂಲೆಯಲ್ಲಿ ಬೆರಳುದ್ದ ಬಂದಿತ್ತು. ಆ ತುಂಡನ್ನು ಕತ್ತರಿಸಿ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದೇನೆ. ಈ ಪತ್ರ ಅದರ ಬಗ್ಗೆ.

ನಾನು ಹಾವೇರಿ ಜಿಲ್ಲೆಯವಳು. ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾಗಿದ್ದೇನೆ. ನಮ್ಮಪ್ಪನಿಗೆ ಅಜ್ಜನಿಂದ ಬಂದ ಒಂಬತ್ತು ಎಕರೆ ಎರೆ ಹೊಲ ಇತ್ತು. ಮಕ್ಕಳು ಮೂವರು: ಅಕ್ಕ, ನಾನು, ತಮ್ಮ. ಅಪ್ಪ ತೀರಿಕೊಂಡದ್ದು 1999ರಲ್ಲಿ. ಉತಾರದಲ್ಲಿ (ಪಹಣಿಯಲ್ಲಿ) ಅವ್ವನದೂ ತಮ್ಮನದೂ ಹೆಸರು ಕೂತವು. ನಾವಿಬ್ಬರು ಕೇಳಲಿಲ್ಲ, ಅವರು ಹೇಳಲಿಲ್ಲ. 2011ರಲ್ಲಿ ತಮ್ಮ ಎರಡು ಎಕರೆ ಮಾರಲು ಹೊರಟಾಗ ಅಕ್ಕ ಮೊದಲ ಸಲ ಬಾಯಿ ಬಿಟ್ಟಳು. ಅವಳು ಆಗಲೇ ವಿಧವೆ, ಗಂಡನ ಕಡೆ ಬರೀ ಮೂವತ್ತು ಗುಂಟೆ. ಮರುವರ್ಷ ದಾವೆ ಹಾಕಿದೆವು.

ನಮ್ಮ ರಾಜ್ಯ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಕಾನೂನು ತಂದಿತ್ತು ಎಂದು ನನಗೆ ಗೊತ್ತಾದದ್ದು ವಕೀಲರ ಕಚೇರಿಯಲ್ಲಿ. ಜೊತೆಗೇ ಇನ್ನೊಂದೂ ಗೊತ್ತಾಯಿತು. ಅದು ಜಾರಿಗೆ ಬಂದದ್ದು ಜುಲೈ 30ಕ್ಕೆ, ಅದಕ್ಕೂ ಮೊದಲು ಮದುವೆಯಾದವರಿಗೆ ಅನ್ವಯಿಸುವುದಿಲ್ಲ. ನನ್ನ ಮದುವೆ ಆದದ್ದು ಅದೇ ವರ್ಷ ಮೇ ತಿಂಗಳಲ್ಲಿ. ಆಷಾಢ ಬರುವುದರೊಳಗೆ ಮುಗಿಸಿಬಿಡೋಣ ಎಂದು ಅಪ್ಪನೇ ಅವಸರ ಮಾಡಿದ್ದ. ಶ್ರಾವಣಕ್ಕೆ ಇಟ್ಟಿದ್ದರೆ ಈ ಪತ್ರ ಬೇರೆ ಥರ ಇರುತ್ತಿತ್ತೇನೋ.

ಉಳಿದದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಕೇಂದ್ರ ತಂದ ತಿದ್ದುಪಡಿ. ಅದಕ್ಕೆ ಮದುವೆಯ ಅಡ್ಡಿಯಿಲ್ಲ. ಆದರೆ 2015ರಲ್ಲಿ ಸುಪ್ರೀಂ ಕೋರ್ಟು ಬೆಳಗಾವಿ ಕಡೆಯಿಂದ ಹೋದ ಫುಲಾವತಿ ಪ್ರಕರಣದಲ್ಲಿ, ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆಯೂ ಜೀವಂತ ಇರಬೇಕು, ಮಗಳೂ ಜೀವಂತ ಇರಬೇಕು ಎಂದಿತು. ನಮ್ಮಪ್ಪ ಆರು ವರ್ಷ ಮೊದಲೇ ಹೋಗಿದ್ದ. 2016ರಲ್ಲಿ ನಮ್ಮ ತೀರ್ಪು ಬಂದಾಗ ನಮಗೆ ದಕ್ಕಿದ್ದು ಅಪ್ಪನ ಪಾಲಿನೊಳಗಿನ ಪಾಲು ಮಾತ್ರ. ಲೆಕ್ಕ ಸುಲಭ. ಒಂಬತ್ತು ಎಕರೆಯನ್ನು ಅಪ್ಪ, ಅವ್ವ, ತಮ್ಮ ಎಂದು ಮೂರು ಭಾಗ ಮಾಡಿ, ಅಪ್ಪನ ಮೂರು ಎಕರೆಯನ್ನು ನಾಲ್ವರಿಗೆ ಹಂಚಿ. ತಲೆಗೆ ಮೂವತ್ತು ಗುಂಟೆ. ಅಕ್ಕ ಕೇಳಿ, "ಗಂಡನ ಮನ್ಯಾಗೂ ಮೂವತ್ತು, ತವರಾಗೂ ಮೂವತ್ತು. ನನ್ನ ಹಣ್ಯಾಗ ಮೂವತ್ತೇ ಬರದೈತಿ ನೋಡ" ಎಂದು ನಕ್ಕಿದ್ದಳು.

ಮೇಲ್ಮನವಿ ಹಾಕಿದೆವು. ಅದು ನಡೆಯುತ್ತಿರುವಾಗಲೇ ಅವ್ವ ತೀರಿಕೊಂಡಳು. ಅದೇ ವರ್ಷ, 2018ರಲ್ಲಿ, ನಮ್ಮ ರಾಜ್ಯದ್ದೇ ದಾನಮ್ಮ ಪ್ರಕರಣ ಬಂತು. ಅಲ್ಲಿ ತಂದೆ 2001ರಲ್ಲೇ ತೀರಿದ್ದರೂ ಹೆಣ್ಣುಮಕ್ಕಳಿಗೆ ಸುಪ್ರೀಂ ಕೋರ್ಟ್ ಪಾಲು ಕೊಟ್ಟಿತು. ಒಂದೇ ಕೋರ್ಟು, ಒಂದೇ ಕಾಯ್ದೆ, ಎರಡು ಉತ್ತರ. ನನ್ನ ತರಗತಿಯಲ್ಲಾಗಿದ್ದರೆ ಇಬ್ಬರನ್ನೂ ಬೋರ್ಡಿಗೆ ಕರೆಯುತ್ತಿದ್ದೆ. ಕೊನೆಗೆ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು: ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕೆಂದಿಲ್ಲ. "ಅಪ್ಪ ಇದ್ದಾಗಲೇ ಬಾಯಿಮಾತಿನಲ್ಲಿ ವಾಟ್ನಿ ಆಗೇದ, ಅಕ್ಕಂದಿರಿಗೆ ಅರಿಶಿನ-ಕುಂಕುಮಕ್ಕಂತ ಬಂಗಾರ ಕೊಟ್ಟೇವಿ" ಎಂದು ತಮ್ಮನ ಕಡೆಯವರು ಹೇಳುತ್ತ ಬಂದಿದ್ದರು. ಅಂಥ ಬಾಯಿಮಾತಿನ ವಾಟ್ನಿಯನ್ನು (ಪಾಲು ಹಂಚಿಕೆಯನ್ನು) ಸುಲಭಕ್ಕೆ ಒಪ್ಪಬೇಡಿ ಎಂದೂ ಆ ತೀರ್ಪಿನಲ್ಲಿತ್ತು. 2021ರ ಕೊನೆಗೆ ನಮ್ಮ ಮೇಲ್ಮನವಿ ಗೆದ್ದಿತು. ಅವ್ವನ ಪಾಲೂ ಸೇರಿ ಮೂವರಿಗೂ ಮೂರು ಮೂರು ಎಕರೆ.

ಆ ದಿನ ಅಕ್ಕ ಬಸ್‌ಸ್ಟ್ಯಾಂಡಿನಲ್ಲಿ ಕಾಲು ಕಿಲೋ ಪೇಡೆ ಕೊಂಡಳು. ತಮ್ಮ ಮುಂದೆ ಅಪೀಲು ಹೋಗಲಿಲ್ಲ. ಮುಗಿಯಿತು ಎಂದುಕೊಂಡೆವು.

ಮುಗಿದದ್ದು ಪ್ರಾಥಮಿಕ ಡಿಕ್ರಿ. ಯಾರಿಗೆಷ್ಟು ಎಂದು ಅದು ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಎಲ್ಲಿ ಎನ್ನುವುದಕ್ಕೆ ಅಂತಿಮ ಡಿಕ್ರಿ ಆಗಬೇಕು, ಅದಕ್ಕೆ ಬೇರೆ ಅರ್ಜಿ, ಬೇರೆ ನಂಬರು. ಕೋರ್ಟಿನವರ ಬಾಯಲ್ಲಿ ಅದು ಎಫ್‌ಡಿಪಿ, ಅಂದರೆ ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್. 2022ರ ಜೂನ್‌ನಲ್ಲಿ ಕೇರಳದ ಒಂದು ಪಾಲಿನ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಅಬ್ದುಲ್ ನಜೀರ್ ಮತ್ತು ವಿಕ್ರಂ ನಾಥ್ ಸ್ಪಷ್ಟವಾಗಿ ಹೇಳಿದರು: ಪ್ರಾಥಮಿಕ ಡಿಕ್ರಿ ಆದ ಮೇಲೆ ಯಾರೂ ಅರ್ಜಿ ಹಾಕುವುದನ್ನು ಕಾಯಬೇಡಿ, ವಿಚಾರಣಾ ನ್ಯಾಯಾಲಯವೇ ಮುಂದಿನ ಹೆಜ್ಜೆ ಇಡಬೇಕು, ಪಾಲು ಕೈಗೆ ಸಿಗುವವರೆಗೆ ದಾವೆ ಮುಗಿದಿಲ್ಲ. (ನಜೀರ್ ಅವರು ನಮ್ಮ ಮೂಡುಬಿದಿರೆ ಕಡೆಯವರು, ವಿನೀತಾ ಶರ್ಮಾ ಪೀಠದಲ್ಲೂ ಇದ್ದರು.) ಆ ಸುದ್ದಿಯ ತುಂಡನ್ನು ವಕೀಲರಿಗೆ ಒಯ್ದು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಓದಿ ಮಡಚಿ ಕೊಟ್ಟರು. "ಖರೇ ಐತ್ರಿ ಟೀಚರ್. ಆದ್ರ ಇಲ್ಲಿ ನಂಬರ್ ಬೀಳದ ಫೈಲ್ ಮ್ಯಾಲೆ ಏಳಂಗಿಲ್ಲ." ನಂಬರ್ ಬಿತ್ತು. ತಮ್ಮನಿಗೆ ನೋಟಿಸು ಮುಟ್ಟಲು ಎಂಟು ತಿಂಗಳು. ಅವನ ಮನೆ ಕೋರ್ಟಿನಿಂದ ಹನ್ನೊಂದು ಕಿಲೋಮೀಟರ್.

ಕಂದಾಯದ ಜಮೀನನ್ನು ಕೋರ್ಟು ತಾನೇ ತುಂಡು ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗೆ ಕಳಿಸಬೇಕು. ಅಲ್ಲಿಂದ ಕಾಗದ ತಹಶೀಲ್ದಾರರಿಗೆ, ಅವರಿಂದ ಭೂಮಾಪನದವರಿಗೆ. 2024ರ ಫೆಬ್ರವರಿಯಲ್ಲಿ ಒಂದು ದಿನ ಸರ್ವೇಯರ್ ಬಂದರು. ಕಡಲೆ ಕಿತ್ತು ಹೊಲ ಬಯಲಾಗಿತ್ತು. ಬೇವಿನ ಮರದ ಬುಡದ ಗಡಿಕಲ್ಲಿಗೆ ಯಾರೋ ಸುಣ್ಣ-ಕೆಮ್ಮಣ್ಣು ಬಳಿದಿದ್ದರು. ಅದರಿಂದ ಅಳತೆ ಶುರುವಾಯಿತು. ಅಕ್ಕ ಬದುವಿನ ಮೇಲೆ ಕಾಲು ಚಾಚಿ ಕೂತಿದ್ದಳು, ಮೊಣಕಾಲು ಮಡಚಲು ಬರುವುದಿಲ್ಲ ಅವಳಿಗೆ. ಮೂರನೇ ಗೂಟ ಹೊಡೆಯುವ ಹೊತ್ತಿಗೆ ಬೋರ್‌ವೆಲ್ ಅಕ್ಕನ ಪಾಲಿಗೆ ಬರುತ್ತದೆಂದು ಎಲ್ಲರಿಗೂ ಕಂಡಿತು. ತಮ್ಮ ಗೂಟ ಕಿತ್ತು ಕೈಯಲ್ಲಿ ಹಿಡಿದುಕೊಂಡು ನಿಂತ. ಬೈಯಲಿಲ್ಲ. "ಇದನ್ನ ನಾ ಸಾಲ ಮಾಡಿ ಕೊರಸೀನಿ ದೊಡ್ಡಕ್ಕ, ಇಲ್ಲಿ ಬ್ಯಾಡ" ಎಂದಷ್ಟೇ ಅಂದ. ಸರ್ವೇಯರ್ ಪಂಚನಾಮೆ ಬರೆದು ಚೀಲ ಕಟ್ಟಿದರು. ಅಷ್ಟರಲ್ಲಿ ತಮ್ಮನ ಹೆಂಡತಿ ಕಿಟ್ಲಿಯಲ್ಲಿ ಚಹಾ ತಂದಳು. ಎಲ್ಲರೂ ಕುಡಿದೆವು, ಸರ್ವೇಯರ್ ಸಹಿತ.

ತಮ್ಮನನ್ನು ಕೆಟ್ಟವನೆಂದು ತೋರಿಸಲು ಇದನ್ನು ಬರೆಯುತ್ತಿಲ್ಲ. ಬೋರು ಕೊರೆಸಿದ್ದು ಅವನೇ, ಅವ್ವನನ್ನು ಕೊನೆಯವರೆಗೆ ನೋಡಿಕೊಂಡವನೂ ಅವನೇ. ಬೋರು ಅವನಿಗಿರಲಿ, ಬದಲಿಗೆ ರಸ್ತೆ ಕಡೆಯ ಪಟ್ಟಿ ಅಕ್ಕನಿಗಿರಲಿ ಎಂದರೆ ಇಬ್ಬರೂ ಒಪ್ಪುತ್ತಾರೆ ಎಂದೇ ನನಗನ್ನಿಸುತ್ತದೆ. ಆದರೆ ಹಾಗೆಂದು ಎದುರಿಗೆ ಕೂರಿಸಿ ಹೇಳುವವರು ಬೇಕು. ಸರ್ವೇ ವರದಿ ಕೋರ್ಟಿಗೆ ಮುಟ್ಟಲು ಏಳು ತಿಂಗಳಾಯಿತು. ಅದಕ್ಕೆ ಆಕ್ಷೇಪಣೆ, ಆಕ್ಷೇಪಣೆಗೆ ಉತ್ತರ, ನ್ಯಾಯಾಧೀಶರ ವರ್ಗಾವಣೆ, ಬೇಸಿಗೆ ರಜೆ. ಇದೆಲ್ಲ ದಾಟಿ ಅಂತಿಮ ಡಿಕ್ರಿ ಆದರೂ ಅದನ್ನು ಛಾಪಾ ಕಾಗದದ ಮೇಲೆ ಇಳಿಸಬೇಕು, ಆಮೇಲೆ ಸ್ವಾಧೀನ ಕೊಡದಿದ್ದರೆ ಜಾರಿ ಅರ್ಜಿ, ಮತ್ತೊಂದು ನಂಬರು.

ಇನ್ನು ಆ ತುಂಡಿನ ವಿಷಯ. ಪೆರಿಯಮ್ಮಾಳ್ ಪ್ರಕರಣ ತಮಿಳುನಾಡಿನದು. 1980ರ ದಶಕದ ದಾವೆ, ಗೆದ್ದವರಿಗೆ 2025ರವರೆಗೂ ಆಸ್ತಿ ಕೈಗೆ ಬಂದಿರಲಿಲ್ಲ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಎಂದು 1872ರಲ್ಲೇ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು) ಹೇಳಿತ್ತು. ನಮ್ಮ ಕೋರ್ಟುಗಳು ಆ ಮಾತನ್ನು ಇಂದಿಗೂ ಉದ್ಧರಿಸುತ್ತವೆ. ಪಾರ್ದಿವಾಲಾ-ಮಹದೇವನ್ ಪೀಠ ದೇಶದ ಎಲ್ಲ ಹೈಕೋರ್ಟುಗಳಿಗೆ ಆದೇಶ ಮಾಡಿತು: ಬಾಕಿ ಇರುವ ಜಾರಿ ಅರ್ಜಿಗಳ ಲೆಕ್ಕ ತರಿಸಿಕೊಳ್ಳಿ, ಆರು ತಿಂಗಳಲ್ಲಿ ಮುಗಿಸಲು ಹೇಳಿ, ಮುಗಿಸದಿದ್ದರೆ ಆಯಾ ನ್ಯಾಯಾಧೀಶರು ಉತ್ತರ ಕೊಡಬೇಕು.

ಆರು ತಿಂಗಳು ಎನ್ನುವುದು ಹೊಸದಲ್ಲ. ವಿನೀತಾ ಶರ್ಮಾ ತೀರ್ಪಿನ ಕೊನೆಯಲ್ಲೂ ಬಾಕಿ ದಾವೆಗಳನ್ನು ಸಾಧ್ಯವಾದಷ್ಟೂ ಆರು ತಿಂಗಳಲ್ಲಿ ಮುಗಿಸಿ ಎಂದಿತ್ತು. 2021ರ ಏಪ್ರಿಲ್ 22ರಂದು ಬೆಂಗಳೂರಿನ ಒಂದು ಆಸ್ತಿ ಜಗಳದಲ್ಲಿ, ಮುಖ್ಯ ನ್ಯಾಯಮೂರ್ತಿ ಬೊಬ್ಡೆ ಅವರು ನಿವೃತ್ತರಾಗುವ ಹಿಂದಿನ ದಿನ, ಜಾರಿ ಅರ್ಜಿಗೂ ಆರು ತಿಂಗಳು ಎಂದಾಯಿತು. 2025ರಲ್ಲಿ ಮತ್ತೆ ಆರು ತಿಂಗಳು. ಹೋಮ್‌ವರ್ಕ್ ಕೊಟ್ಟು ನೋಟ್‌ಬುಕ್ ನೋಡದ ಶಿಕ್ಷಕರ ತರಗತಿಯಲ್ಲಿ ಏನಾಗುತ್ತದೆಂದು ನನಗೆ ಗೊತ್ತು. ಈ ಸಲ ಮಾತ್ರ ನೋಟ್‌ಬುಕ್ ತರಿಸಿಕೊಂಡರು. 2025ರ ಅಕ್ಟೋಬರ್‌ನಲ್ಲಿ ನೋಡಿದಾಗ ಆರು ತಿಂಗಳಲ್ಲಿ 3,38,685 ಅರ್ಜಿ ಮುಗಿದಿದ್ದವು, ಇನ್ನೂ 8,82,578 ಬಾಕಿ. ಮಹಾರಾಷ್ಟ್ರ ಒಂದರಲ್ಲೇ ಸುಮಾರು 3.4 ಲಕ್ಷ. ಆತಂಕ ಹುಟ್ಟಿಸುವ ಅಂಕಿ ಎಂದು ಪೀಠವೇ ಹೇಳಿ, ಇನ್ನಾರು ತಿಂಗಳು ಕೊಟ್ಟಿತು.

ಆ ಪಟ್ಟಿಯಲ್ಲಿ ಕರ್ನಾಟಕ ಎಲ್ಲಿದೆ ಎಂದು ಹುಡುಕಿದೆ. ನಮ್ಮ ಹೈಕೋರ್ಟ್ ಅಂಕಿ-ಅಂಶ ಕೊಟ್ಟಿಲ್ಲ ಎಂದು ಆದೇಶದಲ್ಲೇ ಬರೆದಿದ್ದರು. ಎರಡು ವಾರದಲ್ಲಿ ಕೊಡಿ ಎಂದಿದ್ದರು. ಇಡೀ ತರಗತಿಯಲ್ಲಿ ನೋಟ್‌ಬುಕ್ ತರದವರು ನಾವು. ಕಂಪ್ಯೂಟರಿನ ರಾಜ್ಯ ನಮ್ಮದು. ನಮ್ಮ ದಾವೆಯ ಹದಿನಾರು ಅಕ್ಷರ-ಅಂಕಿಯ ಸಂಖ್ಯೆ ಹೊಡೆದರೆ ಮುಂದಿನ ತಾರೀಖು ನನ್ನ ಮೊಬೈಲಿನಲ್ಲೇ ಬರುತ್ತದೆ. ಎಟಿಎಮ್ಮಿನ ಪಿನ್ ಮರೆತರೂ ಆ ಸಂಖ್ಯೆ ಮರೆತಿಲ್ಲ. ಒಂದೊಂದು ಕೇಸಿನದ್ದೂ ನನ್ನ ಕೈಗೆ ಸಿಗುವಾಗ ಎಲ್ಲವನ್ನೂ ಕೂಡಿಸಿ ಕಳಿಸಲು ಆರು ತಿಂಗಳು ಸಾಲಲಿಲ್ಲವೇ?

ಅದೇ ಮೊಬೈಲಿನಲ್ಲಿ ಇನ್ನೊಂದು ನೋಡಿದೆ. ಈ ಪತ್ರ ಬರೆಯಲು ಕೂತದ್ದು ಅದಕ್ಕೇ. 2012ರ ನಮ್ಮ ಮೂಲ ದಾವೆಯ ನಂಬರು ಹೊಡೆದರೆ "ಡಿಸ್ಪೋಸ್ಡ್" ಎಂದು ತೋರಿಸುತ್ತದೆ. ಮೇಲ್ಮನವಿ? ಅದೂ ಡಿಸ್ಪೋಸ್ಡ್. ಒಂದು ಗುಂಟೆಯೂ ನಮ್ಮ ಕೈಗೆ ಬರದೆ ಎರಡು ಸಲ ವಿಲೇವಾರಿಯ ಖಾತೆಗೆ ಜಮೆಯಾಗಿದ್ದೇವೆ. ಈಗ ನಡೆಯುತ್ತಿರುವುದು ಎಫ್‌ಡಿಪಿ, ಅದು ಜಾರಿ ಅರ್ಜಿಯಲ್ಲ. ಅಂದರೆ ಸುಪ್ರೀಂ ಕೋರ್ಟ್ ಕೇಳಿದ ಜಾರಿ ಅರ್ಜಿಗಳ ಲೆಕ್ಕವನ್ನು ನಾಳೆ ಕರ್ನಾಟಕ ಚುಕ್ತಾ ಕೊಟ್ಟರೂ ಅಕ್ಕನೂ ನಾನೂ ಅದರಲ್ಲಿ ಇರುವುದಿಲ್ಲ. ಪಾಲು ಗೆದ್ದು ಅಳತೆಗೆ ಕಾಯುತ್ತಿರುವ ಹೆಣ್ಣುಮಕ್ಕಳು ನಮ್ಮ ಕೋರ್ಟಿನ ವರಾಂಡದಲ್ಲೇ ನನಗೆ ಆರೇಳು ಮಂದಿ ಪರಿಚಯ. ಯಾರೂ ಜಾರಿ ಅರ್ಜಿಯವರೆಗೆ ಮುಟ್ಟಿಲ್ಲ.

ಹಾಗಾಗಿ ನನ್ನ ಕೋರಿಕೆ ನಿಮ್ಮ ಮೂಲಕ ಹೈಕೋರ್ಟಿಗೆ. ಬಾಕಿ ಲೆಕ್ಕವನ್ನು ತಾಲ್ಲೂಕುವಾರು ಪ್ರಕಟಿಸಲಿ, ಅದರಲ್ಲಿ ಎಫ್‌ಡಿಪಿಗಳಿಗೆ ಒಂದು ಪ್ರತ್ಯೇಕ ಅಂಕಣ ಇರಲಿ, ಎಷ್ಟು ಕಡತ ಸರ್ವೇಗೆ ಹೋಗಿ ವಾಪಸು ಬಂದಿಲ್ಲ ಎಂಬುದೂ ಇರಲಿ. 2022ರ ತೀರ್ಪಿನ ಪ್ರಕಾರ ಎಷ್ಟು ನ್ಯಾಯಾಲಯಗಳು ಅರ್ಜಿಗೆ ಕಾಯದೆ ತಾವೇ ಮುಂದುವರಿದಿವೆ ಎಂದು ನಿಮ್ಮ ವರದಿಗಾರರೂ ಕೇಳಬಹುದು. ಆ ತೀರ್ಪಿನ ಸಾರವನ್ನು ಸರಳ ಕನ್ನಡದಲ್ಲಿ ಒಂದು ಸಲ ಹಾಕಿ. ಬೆರಳುದ್ದ ಬೇಡ, ಸ್ವಲ್ಪ ದೊಡ್ಡದಾಗಿ. ಕತ್ತರಿಸಿಟ್ಟುಕೊಳ್ಳುವವರು ನಾನೊಬ್ಬಳೇ ಅಲ್ಲ.

ನಮ್ಮ ಮುಂದಿನ ತಾರೀಖು ಎರಡು ವಾರಕ್ಕಿದೆ. ಯಾಕೆ ಎಂಬ ಕಡೆ "ಆಕ್ಷೇಪಣೆ ಮೇಲೆ ವಾದ" ಎಂದಿದೆ. ಕಳೆದ ಮೂರು ತಾರೀಖಿಗೂ ಅದೇ ಇತ್ತು. ನಿನ್ನೆ ಫೋನಿನಲ್ಲಿ ಅಕ್ಕ ಕೇಳಿದಳು, "ಈ ಮುಂಗಾರಿಗರ ಗೋವಿನಜೋಳ ಬಿತ್ತಾಕ ಬರ್ತೇತೇನ?" ಬೀಜ ತರಬೇಡ ಎಂದೆ.

ನನ್ನ ಹೆಸರು, ವಿಳಾಸ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ದಯವಿಟ್ಟು ಪ್ರಕಟಿಸಬೇಡಿ. ಪಂಚಮಿ ಹಬ್ಬಕ್ಕೆ ಉಂಡಿ ಕಟ್ಟಿಕೊಂಡು ನಾವಿಬ್ಬರೂ ತಮ್ಮನ ಮನೆಗೇ ಹೋಗಬೇಕು.

ಇತಿ,
ನಿವೃತ್ತ ಶಿಕ್ಷಕಿ, ಹಾವೇರಿ ಜಿಲ್ಲೆ