ಹಿಂಬದಿ ಸಸ್ಪೆನ್ಷನ್: ಕಾರು ಯಾವ ಚಕ್ರದಿಂದ ಓಡುತ್ತದೆಂದು ಮೊದಲು ನೋಡಿ

ಮಾನ್ಯ ಸಂಪಾದಕರಿಗೆ,

ನಿಮ್ಮ ಭಾನುವಾರದ ಪುರವಣಿಯಲ್ಲಿ, ಡ್ರ್ಯಾಗ್ ಓಟಕ್ಕೂ (ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ನಡೆಯುವ ಅಲ್ಪ ದೂರದ ವೇಗಸ್ಪರ್ಧೆ) ದಿನನಿತ್ಯದ ಓಡಾಟಕ್ಕೂ ಒಂದೇ ಕಾರನ್ನು ಸಜ್ಜುಗೊಳಿಸುವ ಬಗ್ಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಎಂಜಿನ್ನು, ಟರ್ಬೊಗಳ ಮಾತು ಬಿಟ್ಟು ಹಿಂಬದಿ ಸಸ್ಪೆನ್ಷನ್ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಆ ಮಟ್ಟಿಗೆ ಲೇಖಕರು ಅಭಿನಂದನೆಗೆ ಅರ್ಹರು. ಆದರೆ ಅವರು ಕೊಟ್ಟಿರುವ ಸಲಹೆಗಳಲ್ಲಿ ಹೆಚ್ಚಿನವು ಹಿಂದಿನ ಚಕ್ರಗಳಿಂದ ಓಡುವ ಅಮೆರಿಕದ ಭಾರಿ ಕಾರುಗಳಿಗೆ ಹೊಂದುವಂಥವು. ಕೋಲಾರದ ಗ್ಯಾರೇಜುಗಳಿಗೆ ಬರುವ ಕಾರುಗಳಲ್ಲಿ ಬಹುಪಾಲು ಓಡುವುದು ಮುಂದಿನ ಚಕ್ರಗಳಿಂದ. ಈ ವ್ಯತ್ಯಾಸವನ್ನು ಲೇಖನ ಎಲ್ಲಿಯೂ ಪ್ರಸ್ತಾಪಿಸದ ಕಾರಣ, ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಪಾಠ ಮಾಡುವವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ಕಾರು ನಿಂತಲ್ಲಿಂದ ರಭಸವಾಗಿ ಹೊರಟಾಗ ಅದರ ಭಾರದ ಒಂದು ಪಾಲು ಮುಂದಿನ ಚಕ್ರಗಳಿಂದ ಹಿಂದಿನ ಚಕ್ರಗಳ ಮೇಲೆ ಬೀಳುತ್ತದೆ. ಎಷ್ಟು ಬೀಳುತ್ತದೆ ಎನ್ನುವುದು ಕಾರಿನ ತೂಕ, ಅದು ವೇಗ ಪಡೆಯುವ ದರ, ಗುರುತ್ವ ಕೇಂದ್ರದ ಎತ್ತರ ಮತ್ತು ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಣ ಅಂತರ), ಈ ನಾಲ್ಕನ್ನು ಅವಲಂಬಿಸಿದೆ. ಚಾಲಕನೂ ಸೇರಿ 1000 ಕಿಲೊ ತೂಗುವ, 2.5 ಮೀಟರ್ ವೀಲ್‌ಬೇಸ್ ಇರುವ, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿರುವ ಒಂದು ಸಣ್ಣ ಕಾರು, ಗುರುತ್ವ ವೇಗೋತ್ಕರ್ಷದ ಅರ್ಧದಷ್ಟು ದರದಲ್ಲಿ ಹೊರಟಿತೆಂದು ಇಟ್ಟುಕೊಳ್ಳೋಣ. ಆಗ 100 ಕಿಲೊ ಭಾರ ಹಿಂದಕ್ಕೆ ಸರಿಯುತ್ತದೆ. ನಿಂತಿದ್ದಾಗ ಮುಂದೆ 600, ಹಿಂದೆ 400 ಕಿಲೊ ಇದ್ದದ್ದು 500–500 ಆಗುತ್ತದೆ. ಹಿಂದಿನ ಚಕ್ರದಿಂದ ಓಡುವ ಕಾರಿಗೆ ಇದು ಲಾಭ, ಏಕೆಂದರೆ ನೆಲವನ್ನು ಹಿಡಿಯಬೇಕಾದ ಚಕ್ರದ ಮೇಲೆಯೇ ಭಾರ ಕೂರುತ್ತದೆ. ಮುಂದಿನ ಚಕ್ರದಿಂದ ಓಡುವ ಕಾರಿಗೆ ಅಷ್ಟೇ ನಷ್ಟ. ಹಿಂಭಾಗ ಕುಳಿತು ಮೂತಿ ಏಳುವಂತೆ ಮಾಡಿ ಎಂಬ ಲೇಖನದ ಸಲಹೆಯನ್ನು ಸ್ವಿಫ್ಟ್‌ನಂಥ ಕಾರಿಗೆ ಅನ್ವಯಿಸಿದರೆ ಆಗುವುದು ಲೇಖಕರು ಬಯಸಿದ್ದಕ್ಕೆ ತದ್ವಿರುದ್ಧ.

ಇದನ್ನು ಅರಿತ ಕೆಲವರು ಹಿಂದಿನ ಸ್ಪ್ರಿಂಗನ್ನು ಗಟ್ಟಿ ಮಾಡಿಸಿಬಿಟ್ಟರೆ ಭಾರ ಹಿಂದಕ್ಕೆ ಹೋಗುವುದೇ ಇಲ್ಲ ಎಂದು ನಂಬಿದ್ದಾರೆ. ಅದೂ ಪೂರ್ತಿ ನಿಜವಲ್ಲ. ಮೇಲಿನ ಲೆಕ್ಕದಲ್ಲಿ ಸ್ಪ್ರಿಂಗಿನ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಿಂಭಾಗ ಕುಸಿಯುವುದು ಕಡಿಮೆಯಾಗುತ್ತದೆ, ಮುಂದಿನ ಚಕ್ರಗಳ ಕೋನ ಹೆಚ್ಚು ಕೆಡದೆ ಉಳಿಯುತ್ತದೆ, ಅಷ್ಟರ ಮಟ್ಟಿಗೆ ಉಪಯೋಗವುಂಟು. ಆದರೆ ಆ 100 ಕಿಲೊ ಹಿಂದಿರುಗಿ ಬರುವುದಿಲ್ಲ. ಗುರುತ್ವ ಕೇಂದ್ರವನ್ನು ಐದು ಸೆಂಟಿಮೀಟರ್ ತಗ್ಗಿಸಿದರೂ ಸರಿಯುವ ಭಾರ 90 ಕಿಲೊಗೆ ಇಳಿಯುತ್ತದೆ ಅಷ್ಟೆ. ಆ ಹತ್ತು ಕಿಲೊಗಾಗಿ ನಮ್ಮ ಊರಿನ ಹಂಪುಗಳ ಮೇಲೆ ಪ್ರತಿದಿನ ಕಾರಿನ ಹೊಟ್ಟೆ ಉಜ್ಜಿಸಿಕೊಳ್ಳಬೇಕೆ ಎಂಬುದನ್ನು ಮಾಲೀಕರೇ ನಿರ್ಧರಿಸಲಿ.

ತಗ್ಗಿಸುವುದಕ್ಕೆ ನಮ್ಮಲ್ಲಿ ಅನುಸರಿಸುವ ಮಾರ್ಗವಂತೂ ಇನ್ನೂ ಅಪಾಯಕರ. ಕಾಯಿಲ್ ಸ್ಪ್ರಿಂಗಿನ ಒಂದು ಸುತ್ತನ್ನು ಕಟಿಂಗ್ ಮೆಷಿನ್ನಿನಲ್ಲಿ ಕತ್ತರಿಸಿ ತೆಗೆಯುತ್ತಾರೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದು ಹೋದರೆ ಸ್ಪ್ರಿಂಗ್ ಶೇ 20ರಷ್ಟು ಗಟ್ಟಿಯಾಗುತ್ತದೆ. ಜತೆಗೆ ಅದರ ತುದಿ ಸೀಟಿನಲ್ಲಿ ಸರಿಯಾಗಿ ಕೂರದೆ, ಚಕ್ರ ಗುಂಡಿಗೆ ಇಳಿದಾಗ ಸ್ಪ್ರಿಂಗು ಜಾಗ ಬಿಟ್ಟು ಕದಲುತ್ತದೆ. ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ಕುಗ್ಗಿಸುವವರೂ ಇದ್ದಾರೆ. ಹಾಗೆ ಕಾಯಿಸಿದ ಉಕ್ಕು ತನ್ನ ಹದವನ್ನೇ ಕಳೆದುಕೊಳ್ಳುತ್ತದೆ. ಮುಂದಿನ ಚಕ್ರದಿಂದ ಓಡುವ ಕಾರಿನಲ್ಲಿ ಹಿಂಭಾಗವನ್ನು ಅತಿಯಾಗಿ ಗಟ್ಟಿ ಮಾಡಿ ತೇರಹಳ್ಳಿ ಬೆಟ್ಟದ ತಿರುವಿನಲ್ಲಿ, ಅದೂ ಮಳೆ ಬಿದ್ದ ಡಾಂಬರಿನ ಮೇಲೆ, ಹಠಾತ್ತನೆ ಆಕ್ಸಿಲರೇಟರ್ ಬಿಟ್ಟರೆ ಮೊದಲು ಹಿಡಿತ ತಪ್ಪುವುದು ಹಿಂದಿನ ಚಕ್ರಗಳದ್ದು. ನೇರ ದಾರಿಯಲ್ಲಿ ಮಾತ್ರ ಪರೀಕ್ಷಿಸಿದವರಿಗೆ ಈ ದೋಷ ಗೊತ್ತೇ ಆಗುವುದಿಲ್ಲ.

ಹಾಗಾದರೆ ಲೇಖನದ ಸಲಹೆಗಳು ನಮ್ಮಲ್ಲಿ ಯಾರಿಗೂ ಬೇಡವೆ ಎಂದರೆ, ಬೇಕು. ಅಂಬಾಸಡರ್, ಓಮ್ನಿ, ಬೊಲೆರೊ ಇವೆಲ್ಲ ಹಿಂದಿನ ಚಕ್ರಗಳಿಂದ ಓಡುವ, ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್) ಮೇಲೆ ನಿಂತ ಗಾಡಿಗಳು. ಈ ವ್ಯವಸ್ಥೆಯ ದೌರ್ಬಲ್ಯವನ್ನು ನೋಡಲು ರೇಸ್ ಟ್ರ್ಯಾಕಿಗೆ ಹೋಗಬೇಕಾಗಿಲ್ಲ. ಟೊಮೆಟೊ ಕ್ರೇಟು ತುಂಬಿದ ಪಿಕಪ್ ಒಂದು ನಮ್ಮ ಎಪಿಎಂಸಿ ಯಾರ್ಡಿನಲ್ಲಿ ಮೊದಲ ಗೇರಿನಲ್ಲಿ ಜೋರಾಗಿ ಹೊರಡುವಾಗ ಪಕ್ಕದಲ್ಲಿ ಬಗ್ಗಿ ನೋಡಿದರೆ ಸಾಕು. ಚಕ್ರ ಮುಂದಕ್ಕೆ ತಿರುಗಿದಂತೆ ಹಿಂದಿನ ಆಕ್ಸಲ್ಲಿನ ಕವಚವಾದ ಹೌಸಿಂಗು ಹಿಂದಕ್ಕೆ ತಿರುಗಲು ನೋಡುತ್ತದೆ, ಎಂಜಿನ್ನಿನ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟು ಬಂದು ಸೇರುವ ಅದರ ಮೂತಿ ಮೇಲೇಳುತ್ತದೆ, ಪಟ್ಟಿಯ ಮುಂದಿನ ಅರ್ಧ ಮೇಲಕ್ಕೂ ಹಿಂದಿನ ಅರ್ಧ ಕೆಳಕ್ಕೂ ಬಾಗುತ್ತವೆ. ಕ್ಲಚ್ಚನ್ನು ಒಮ್ಮೆಲೇ ಬಿಟ್ಟಾಗ ಹೀಗೆ ತಿರುಚಿಕೊಂಡ ಪಟ್ಟಿ ಮರುಕ್ಷಣ ಬಿಚ್ಚಿಕೊಂಡು, ಮತ್ತೆ ತಿರುಚಿಕೊಂಡು, ಚಕ್ರ ನೆಲದ ಮೇಲೆ ಪುಟಿಯತೊಡಗುತ್ತದೆ. ಪುಟಿಯುವ ಚಕ್ರ ಗಾಡಿಯನ್ನು ಮುಂದಕ್ಕೆ ತಳ್ಳುವುದಿಲ್ಲ. ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ ಗೇರಿನ ಹಲ್ಲುಗಳನ್ನು ಮುರಿಯುತ್ತದೆ.

ಇದಕ್ಕೆ ಇನ್ನೊಂದು ಪಟ್ಟಿ ಸೇರಿಸುವುದೇ ಪರಿಹಾರವೆಂದು ಲೇಖನ ಹೇಳಿದೆ. ಹೊರೆ ಹೊರುವ ಗಾಡಿಗೆ ಅದು ಸರಿ. ಖಾಲಿ ಓಡುವ ಓಮ್ನಿಗೆ ಅದರಿಂದ ಹಿಂಭಾಗ ಎತ್ತಿ ಹಾಕುವುದು ಬಿಟ್ಟರೆ ಹೆಚ್ಚೇನೂ ಸಿಗದು. ಪಟ್ಟಿಯ ಮುಂಭಾಗ ತಿರುಚದಂತೆ ತಡೆಯುವುದು ಮುಖ್ಯ. ಕ್ರೈಸ್ಲರ್ ಕಂಪನಿ 1960ರ ದಶಕದಲ್ಲಿಯೇ ತನ್ನ ಡ್ರ್ಯಾಗ್ ಕಾರುಗಳಿಗೆ, ಆಕ್ಸಲ್ಲಿನ ಮುಂದಿನ ಭಾಗ ಗಿಡ್ಡವೂ ಗಟ್ಟಿಯೂ ಆಗಿರುವ ಪಟ್ಟಿಗಳನ್ನು ತಯಾರಿಸಿದ್ದು ಇದೇ ಕಾರಣಕ್ಕೆ. ಸಾಮಾನ್ಯರ ಕೈಗೆಟಕುವ ಉಪಾಯವೆಂದರೆ ಟ್ರ್ಯಾಕ್ಷನ್ ಬಾರ್: ಆಕ್ಸಲ್ಲಿನ ಕೆಳಗೆ ಯು ಬೋಲ್ಟಿನ ಜತೆ ಬಿಗಿಯುವ ಒಂದು ಗಟ್ಟಿ ಪಟ್ಟಿ ಮುಂದಕ್ಕೆ ಚಾಚಿ, ಅದರ ತುದಿಯ ರಬ್ಬರ್ ಗುಂಡು ಕಮಾನು ಪಟ್ಟಿಯ ಮುಂದಿನ ಕಣ್ಣಿನ (ಚಾಸಿಗೆ ಸೇರುವ ಸುರುಳಿ ತುದಿ) ಕೆಳಗೆ ಸ್ವಲ್ಪ ಅಂತರದಲ್ಲಿ ನಿಲ್ಲುತ್ತದೆ. ಹೌಸಿಂಗು ತಿರುಗಿದೊಡನೆ ರಬ್ಬರು ಮೇಲಕ್ಕೆ ಒತ್ತಿ ಅದನ್ನು ಅಲ್ಲಿಗೇ ತಡೆಯುತ್ತದೆ. ಸಾವಕಾಶವಾಗಿ ಓಡಿಸುವಾಗ ಅದು ತಾಗುವುದೇ ಇಲ್ಲವಾದ್ದರಿಂದ ಮನೆಯವರನ್ನು ಕೂರಿಸಿಕೊಂಡು ಹೋಗುವುದಕ್ಕೂ ತೊಂದರೆಯಿಲ್ಲ. ಪ್ರೊಪೆಲ್ಲರ್ ಶಾಫ್ಟಿನ ತಿರುಚುಬಲ ಸಾಮಾನ್ಯವಾಗಿ ಬಲಗಡೆಯ ಹಿಂದಿನ ಚಕ್ರವನ್ನು ಎತ್ತಲು ನೋಡುವುದರಿಂದ, ಬಲಗಡೆಯ ಅಂತರವನ್ನು ಎಡಕ್ಕಿಂತ ಕಡಿಮೆ ಇಡುವುದು ರೂಢಿ. ರಸ್ತೆಗೂ ಓಟಕ್ಕೂ ಒಂದೇ ಗಾಡಿ ಇಟ್ಟುಕೊಂಡವರಿಗೆ ಇದಕ್ಕಿಂತ ಹೆಚ್ಚಿನದು ಬೇಡ ಎಂಬುದು ನನ್ನ ಅಭಿಪ್ರಾಯ.

ಲ್ಯಾಡರ್ ಬಾರ್ ಬಗ್ಗೆ ಲೇಖನ ತೋರಿದ ಉತ್ಸಾಹವನ್ನು ನಾನು ಒಪ್ಪಲಾರೆ. ಎರಡೂ ಬದಿಯಲ್ಲಿ ಹೌಸಿಂಗಿಗೆ ಭದ್ರವಾಗಿ ಕೂರಿಸಿದ ತ್ರಿಕೋನಾಕಾರದ ಕಟ್ಟು, ಮುಂದೆ ಒಂದೊಂದೇ ಕೀಲಿನಲ್ಲಿ ಚಾಸಿಗೆ ಸೇರುವುದು ಇದರ ರಚನೆ. ನೇರ ಓಟಕ್ಕೆ ಇಷ್ಟು ಸರಳವೂ ನಂಬಲರ್ಹವೂ ಆದದ್ದು ಬೇರೆ ಕಡಿಮೆ. ಆದರೆ ತಿರುವಿನಲ್ಲಿ ಕಾರು ವಾಲಿದಾಗ ಒಂದು ಕೀಲು ಮೇಲಕ್ಕೂ ಇನ್ನೊಂದು ಕೆಳಕ್ಕೂ ಹೋಗಿ, ಎರಡು ಬಾರುಗಳೂ ಒಂದೇ ಹೌಸಿಂಗನ್ನು ಎದುರುಬದುರು ದಿಕ್ಕಿಗೆ ತಿರುಚುತ್ತವೆ. ದಿನವೂ ತಿರುವುಗಳಲ್ಲಿ ಓಡುವ ಗಾಡಿಯಲ್ಲಿ ಬ್ರಾಕೆಟ್ಟಿನ ವೆಲ್ಡಿಂಗ್ ಬಿರುಕು ಬಿಡುವುದು ಇದರಿಂದಲೇ. ಹಲವು ತೂತುಗಳ ಬ್ರಾಕೆಟ್ಟಿರುವ ಫೋರ್ ಲಿಂಕ್ (ಬದಿಗೆರಡರಂತೆ ನಾಲ್ಕು ಬಾರುಗಳ ವ್ಯವಸ್ಥೆ) ಇನ್ನೂ ಮೇಲ್ಮಟ್ಟದ್ದು. ಮೇಲಿನ ಮತ್ತು ಕೆಳಗಿನ ಬಾರುಗಳ ರೇಖೆಗಳು ಮುಂದೆ ಎಲ್ಲಿ ಸಂಧಿಸುತ್ತವೆ ಎಂಬುದನ್ನು ಬದಲಿಸಿ, ಹೊರಡುವ ಕ್ಷಣದಲ್ಲಿ ಟೈರು ನೆಲಕ್ಕೆ ಎಷ್ಟು ಒತ್ತಬೇಕೆಂದು ಹೊಂದಿಸಿಕೊಳ್ಳಬಹುದು. ಆದರೆ ಲೋಹದ ಮೇಲೆ ಲೋಹ ತಿರುಗುವ ಅದರ ಕೀಲುಗಳು ನಮ್ಮ ಬಯಲುಸೀಮೆಯ ಧೂಳಿನಲ್ಲಿ ಬೇಗನೆ ಸವೆದು ಸದ್ದು ಮಾಡತೊಡಗುತ್ತವೆ. ಇನ್ನೋವಾದಲ್ಲಿ ಕಂಪನಿಯೇ ಕೊಡುತ್ತಿದ್ದ ಕಾಯಿಲ್ ಸ್ಪ್ರಿಂಗಿನ ನಾಲ್ಕು ಲಿಂಕಿನ ವ್ಯವಸ್ಥೆಯ ಕೀಲುಗಳಲ್ಲಿ ಇರುವುದು ರಬ್ಬರ್ ಬುಷ್; ಹೆಸರು ಒಂದೇ ಎಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ದುಡ್ಡು ಹಾಕುವವರು ಮೊದಲು ಹಳೆಯ ಬುಷ್, ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ), ಸಡಿಲವಾದ ಯು ಬೋಲ್ಟುಗಳನ್ನು ನೋಡಿಸಲಿ, ಬಳಿಕ ಒಳ್ಳೆಯ ಶಾಕ್ ಅಬ್ಸಾರ್ಬರ್ ಮತ್ತು ಟೈರು. ಇಷ್ಟಾದ ಮೇಲೂ ಚಕ್ರ ಪುಟಿಯುವುದು ನಿಲ್ಲದಿದ್ದರೆ ಆಗ ಬಾರುಗಳ ಮಾತು.

ಕಾನೂನಿನ ವಿಷಯವನ್ನು ಲೇಖನ ಒಂದೇ ಸಾಲಿನಲ್ಲಿ ಮುಗಿಸಿದೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು ಪ್ರತ್ಯೇಕ ಅಪರಾಧ. ಹೊಸಕೋಟೆಯಿಂದ ಬೇತಮಂಗಲದವರೆಗೆ ತೆರೆದಿರುವ ಎಕ್ಸ್‌ಪ್ರೆಸ್‌ವೇ ನೇರವಾಗಿದೆ, ನುಣುಪಾಗಿದೆ ಎಂಬುದು ಅಲ್ಲಿ ಡ್ರ್ಯಾಗ್ ಓಟದ 402 ಮೀಟರ್ (ಕಾಲು ಮೈಲಿ) ಅಳೆದು ನೋಡುವುದಕ್ಕೆ ಪರವಾನಗಿಯಲ್ಲ. ಅದಕ್ಕೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನಂಥ ಟ್ರ್ಯಾಕುಗಳಿವೆ.

ಕೊನೆಯದಾಗಿ, ಲೇಖನದ ಎರಡನೆಯ ಚಿತ್ರದ ಅಡಿಯಲ್ಲಿ ‘ಲ್ಯಾಡರ್ ಬಾರ್’ ಎಂದು ಅಚ್ಚಾಗಿದೆ. ಚಿತ್ರದಲ್ಲಿರುವುದು ಹೌಸಿಂಗಿನ ಒಂದು ತುದಿಯಿಂದ ಎದುರು ಬದಿಯ ಚಾಸಿಗೆ ಅಡ್ಡಲಾಗಿ ಹೋಗುವ ಪ್ಯಾನ್‌ಹಾರ್ಡ್ ರಾಡ್. ಅದು ಆಕ್ಸಲ್ಲು ಪಕ್ಕಕ್ಕೆ ಜರುಗದಂತೆ ಹಿಡಿಯುತ್ತದೆಯೇ ಹೊರತು ತಿರುಚುವುದನ್ನು ತಡೆಯುವುದಿಲ್ಲ. ಪತ್ರಿಕೆಯ ಚಿತ್ರ ತೋರಿಸಿ ಇಂಥದ್ದೇ ಮಾಡಿಕೊಡಿ ಎಂದು ವೆಲ್ಡಿಂಗ್ ಅಂಗಡಿಗೆ ಹೋಗುವ ಹುಡುಗರು ನಮ್ಮಲ್ಲಿ ಇರುವುದರಿಂದ, ಮುಂದಿನ ಭಾನುವಾರವೇ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಆಟೊಮೊಬೈಲ್ ಉಪನ್ಯಾಸಕ, ಕೋಲಾರ