ಕನ್‌ಫ್ಯೂಷನ್ ಎಂದರೆ ಬರೀ ಗೊಂದಲವಲ್ಲ

ಮಾನ್ಯ ಸಂಪಾದಕರೇ,

ಇಂಗ್ಲಿಷಿನ ‘ಕನ್‌ಫ್ಯೂಷನ್’ ಪದವನ್ನು ಪತ್ರಿಕೆಗಳು ಎಲ್ಲೆಡೆ ‘ಗೊಂದಲ’ ಎಂದೇ ಬರೆಯುವುದು ಸರಿಯಲ್ಲ. ಒಟ್ಟಿಗೆ ಸುರಿದು ಬೆರೆಸುವುದು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಈ ಪದ, 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಜನರು ಒಂದು ವ್ಯಾಪಾರ ಗುರುತನ್ನು ಇನ್ನೊಂದೆಂದು ತಪ್ಪು ತಿಳಿಯುವುದನ್ನು ಸೂಚಿಸಿದರೆ, ವೈದ್ಯರ ಬರಹದಲ್ಲಿ ರೋಗಿಗೆ ದಿನ, ಸ್ಥಳ, ಎದುರಿಗಿರುವವರ ಪರಿಚಯ ಹತ್ತದ ಸ್ಥಿತಿಯನ್ನು ಹೇಳುತ್ತದೆ. ನನ್ನ ತಾಯಿಯ ಆಸ್ಪತ್ರೆ ಚೀಟಿಯಲ್ಲಿ ಈ ಪದವಿತ್ತು. ವಯಸ್ಸಾದವರಿಗೆ ಗೊಂದಲ ಸಹಜವೆಂದು ನಾವು ಸುಮ್ಮನಿದ್ದೆವು. ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತ ನನ್ನನ್ನೇ ಅವರು ‘ಯಾರಪ್ಪಾ ನೀನು?’ ಎಂದರು. ರಕ್ತದಲ್ಲಿ ಸೋಡಿಯಂ ಇಳಿದದ್ದೇ ಇದಕ್ಕೆ ಕಾರಣವಾಗಿತ್ತು. ಗಲಿಬಿಲಿ, ತಬ್ಬಿಬ್ಬು, ಕಕ್ಕಾಬಿಕ್ಕಿ, ದಿಗ್ಭ್ರಮೆ ಎಂದು ಇಷ್ಟೆಲ್ಲ ಪದಗಳಿರುವ ಕನ್ನಡದಲ್ಲಿ, ಆರೋಗ್ಯ ಪುಟದಲ್ಲಾದರೂ ಇದನ್ನು ‘ಗುರುತು ತಪ್ಪುವುದು’ ಎಂದು ಬಿಡಿಸಿ ಬರೆಯಬೇಕೆಂದು ವಿನಂತಿಸುತ್ತೇನೆ.

— ಓದುಗ, ಮೈಸೂರು